ಬಣ್ಣದ ಘನ ಬಿಡಿಸುವ ಬಗೆ

ಇಚಲಕರಂಜಿಯ ಮಗ್ಗದ ಮನೆಗಳಲ್ಲಿ, ಗಡಹಿಂಗ್ಲಜ, ಕೊಲ್ಲಾಪುರದ ಅಂಗಡಿ ಗಲ್ಲಾದ ಬಳಿ ಮಕ್ಕಳು ತಿರುವುತ್ತ ಕೂಡ್ರುವ ಬಣ್ಣದ ಘನವನ್ನು 1974ರಲ್ಲಿ ಹಂಗೇರಿಯ ಎರ್ನೊ ರುಬಿಕ್ ಎಂಬ ಶಿಕ್ಷಕರು ರೂಪಿಸಿದರು. ಒಂದು ಮುಖ ಕೂಡಿಸಿ ಹಿಗ್ಗುವ ಮಕ್ಕಳು ಮುಂದೆ ಸಾಗದೆ ಬೇಸರಪಡುವುದನ್ನು ನಾವು ಕಾಣುತ್ತೇವೆ.

ಆರೂ ಮುಖಗಳ ನಡುವಿನ ಬಿಲ್ಲೆ ಸ್ಥಳ ಬಿಡುವುದಿಲ್ಲ. ಆದ್ದರಿಂದ ನಾವು ಮುಖವನ್ನಲ್ಲ, ಗೋಡೆ ಕಟ್ಟಿದಂತೆ ಪದರು ಪದರಾಗಿ ಕೂಡಿಸಬೇಕು. ಮೊದಲು ಬಿಳಿ ನಡುವಿನ ಸುತ್ತ ಎರಡು ಬಣ್ಣದ ನಾಲ್ಕು ಬಿಳಿ ಅಂಚುಗಳಿಂದ ಬೇರಿಜಿನ ಗುರುತು ಮಾಡಿರಿ. ಅಂಚಿನ ಇನ್ನೊಂದು ಬಣ್ಣವು ಪಕ್ಕದ ಮುಖದ ನಡುವಿಗೆ ಹೊಂದಲೇಬೇಕು. ಹೊಸಬರು ಎಡವುವುದು ಇಲ್ಲಿಯೇ.

ಬಳಿಕ ಬಿಳಿಯನ್ನು ಕೆಳಗೆ ಹಿಡಿದು, ಬಿಳಿಯಿರುವ ಮೂಲೆಯೊಂದನ್ನು ಅದು ಕೂಡಬೇಕಾದ ಸ್ಥಳದ ಮೇಲೆ, ನಮ್ಮೆದುರಿನ ಬಲಗಡೆಗೆ ತರಬೇಕು. ಬಲಪದರು ಮೇಲಕ್ಕೆ, ಮೇಲ್ಪದರು ಎಡಕ್ಕೆ, ಬಲಪದರು ಕೆಳಕ್ಕೆ, ಮೇಲ್ಪದರು ಬಲಕ್ಕೆ. ಮೂಲೆ ಸರಿಯಾಗಿ ಕೂಡುವವರೆಗೆ ಈ ನಾಲ್ಕು ತಿರುವು. ಐದು ಸಲ ಮೀರುವುದಿಲ್ಲ. ಅರ್ಧಕ್ಕೆ ನಿಲ್ಲಿಸಬಾರದು. ಉಳಿದ ಮೂರು ಮೂಲೆಗೂ ಇದೇ ಕ್ರಮ. ನಡುಪದರು, ಹಳದಿ ಪದರು ಆಮೇಲಿನ ಪಾಠ.

ಇನ್ನೊಂದು ಮಾತು. ಬಿಚ್ಚಿ ಮನಬಂದಂತೆ ಜೋಡಿಸಿದ ಘನಗಳು ಹನ್ನೆರಡಕ್ಕೆ ಒಂದರಂತೆ ಮಾತ್ರ ಬಿಡಿಸಲು ಬರುತ್ತವೆ. ಕೊನೆಗೆ ಒಂದೇ ಮೂಲೆ ತಿರುಗಿ ಉಳಿದರೆ ಮಗುವನ್ನು ದಡ್ಡನೆನ್ನಬೇಡಿರಿ. ಘನವನ್ನೇ ಬಿಚ್ಚಿ ಸರಿಯಾಗಿ ಕೂಡಿಸಿಕೊಡಿರಿ.