ಕಲ್ಲಿದ್ದಲ ಬಂಡಿಯ ಕಿರುಮಾದರಿ

ಆಟಿಕೆಗೂ ಮಾದರಿಗೂ ಭೇದವೇನೆಂದು ನಮ್ಮ ಕಾಲೇಜಿನ ಮಿತ್ರರು ಕೆಲವರು ನನ್ನನ್ನು ಕೇಳುವುದುಂಟು. ಆಟಿಕೆಯು ಓಡಿದರೆ ಸಾಕು. ಮಾದರಿಯಾದರೋ, ತಾನು ಯಾವ ವಸ್ತುವಿನ ಪ್ರತಿರೂಪವೋ ಆ ವಸ್ತುವಿನ ಪಕ್ಕದಲ್ಲಿಟ್ಟಾಗ ನಾಚಿ ತಲೆ ತಗ್ಗಿಸುವಂತಿರಬಾರದು. ರೈಲ್ವೆ ಮಾದರಿಗಳೆಂದರೆ ಎಲ್ಲರ ಕಣ್ಣೂ ಎಂಜಿನ್ನಿನ ಮೇಲೆಯೇ. ಅದರ ಹಿಂದೆ ಸಾಲಾಗಿ ಬರುವ ಸರಕಿನ ಬಂಡಿಗಳನ್ನು ನಾಲ್ಕು ಗಾಲಿಯ ಮೇಲಿನ ಪೆಟ್ಟಿಗೆಗಳೆಂದು ತಿಳಿದು ತಳ್ಳಿಹಾಕುವವರೇ ಹೆಚ್ಚು. ಆ ಪೆಟ್ಟಿಗೆಯ ವಿಚಾರವಾಗಿಯೇ ನಾಲ್ಕು ಮಾತು ಬರೆಯಬೇಕೆಂದು ನಾನು ಈ ಲೇಖನಕ್ಕೆ ಕೈಹಾಕಿದ್ದೇನೆ.

ಉದಾಹರಣೆಗೆಂದು ನಾನು ಆರಿಸಿಕೊಂಡಿರುವುದು ಬ್ರಿಟನ್ನಿನ ಗಣಿಗಳಿಂದ ಕಲ್ಲಿದ್ದಲನ್ನು ಹೊತ್ತೊಯ್ಯುತ್ತಿದ್ದ, ಹನ್ನೆರಡು ಟನ್ನು ಹಿಡಿಯುವ, ಮರದ ತೆರೆದ ಬಂಡಿ. ನಮ್ಮ ದೇಶದ ಬಂಡಿಯನ್ನು ಬಿಟ್ಟು ಪರದೇಶದ ಬಂಡಿಯೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅಲ್ಲಿಯ ರೈಲ್ವೆ ಕಂಪೆನಿಗಳೆಲ್ಲ ಸೇರಿ ನಡೆಸುತ್ತಿದ್ದ ರೈಲ್ವೆ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆಯು 1923ರಲ್ಲಿ ಈ ಬಂಡಿಯ ಅಳತೆಗಳನ್ನು ನಿಗದಿ ಮಾಡಿತು. ಆದ್ದರಿಂದ ಯಾವ ಕಾರ್ಖಾನೆಯಲ್ಲಿ ಹುಟ್ಟಿದ ಬಂಡಿಯಾದರೂ ಮೂಲ ಅಳತೆಗಳು ಒಂದೇ: ಚೌಕಟ್ಟಿನ ಉದ್ದ 16 ಅಡಿ 6 ಅಂಗುಲ, ಅಚ್ಚಿನಿಂದ ಅಚ್ಚಿಗೆ 9 ಅಡಿ, ಗಾಲಿಯ ವ್ಯಾಸ 3 ಅಡಿ 1 ಅಂಗುಲ. ಕಲಿಯುವವನಿಗೆ ಇಂಥ ಖಚಿತವಾದ ಲೆಕ್ಕವಿರುವ ವಸ್ತುವೇ ಮೇಲು. ಜೊತೆಗೆ ಇದರ ಬಿಡಿಭಾಗಗಳು ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿ, ಜೋಡಿಸಿಕೊಳ್ಳುವ ಪೊಟ್ಟಣಗಳಾಗಿ ದೊರೆಯುತ್ತವೆ.

ಮೊದಲು ಪ್ರಮಾಣದ ಮಾತು. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಹುಮಂದಿ ಬಳಸುವ ಪ್ರಮಾಣವು ಒಂದು ಅಡಿಗೆ 4 ಮಿಲಿಮೀಟರು, ಅಂದರೆ 76.2ಕ್ಕೆ ಒಂದು ಪಾಲು. ಆ ಲೆಕ್ಕದಂತೆ ನಮ್ಮ ಬಂಡಿಯ ಉದ್ದ 66 ಮಿಲಿಮೀಟರು, ಅಚ್ಚುಗಳ ಅಂತರ 36, ಗಾಲಿ ಹನ್ನೆರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಒಂದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೆಂದು ಭಾವಿಸಬಹುದು. ಆದರೆ ಹಳಿಯ ವಿಚಾರದಲ್ಲಿ ಒಂದು ವಿನೋದವಿದೆ. ಅಲ್ಲಿಯ ನಿಜವಾದ ಹಳಿಗಳ ಅಂತರವು 4 ಅಡಿ 8½ ಅಂಗುಲ. ಈ ಪ್ರಮಾಣದಲ್ಲಿ ಅದು 18.83 ಮಿಲಿಮೀಟರು ಆಗಬೇಕು. ಅಂಗಡಿಯಲ್ಲಿ ಸಿಕ್ಕುವ ಹಳಿಯಾದರೋ 16.5 ಮಿಲಿಮೀಟರಿನದು! ಯೂರೋಪಿನವರ ಪ್ರಮಾಣ ಅಡಿಗೆ 3.5 ಮಿಲಿಮೀಟರು, ಅದಕ್ಕೆ 16.5 ಸರಿಯಾಗಿ ಹೊಂದುತ್ತದೆ. ಬ್ರಿಟನ್ನಿನ ಎಂಜಿನ್ನುಗಳು ಮೊದಲೇ ಮೈಸಣ್ಣವು. ಆ ಕಾಲದ ಮೋಟಾರುಗಳು ಅವುಗಳ ಒಡಲಿನಲ್ಲಿ ಹಿಡಿಸಲಿಲ್ಲ. ಆದಕಾರಣ ಒಡಲನ್ನು 4 ಮಿಲಿಮೀಟರಿಗೆ ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಬಿಟ್ಟರು. ಹೀಗೆ, ಮೋಟಾರಿಗಾಗಿ ಮಾಡಿಕೊಂಡ ರಾಜಿಯನ್ನು ಮೋಟಾರೇ ಇಲ್ಲದ ಬಂಡಿಗಳೂ ಇಂದಿಗೂ ಹೊತ್ತು ತಿರುಗುತ್ತಿವೆ. ಇದನ್ನು ಸಹಿಸಲಾರದ ಕೆಲವರು 18.83 ಮಿಲಿಮೀಟರಿನ ಹಳಿಯನ್ನು ಕೈಯಾರೆ ಹಾಕಿಕೊಳ್ಳುವರು. ಅವರ ತಪಸ್ಸಿಗೆ ನನ್ನ ನಮಸ್ಕಾರ. ವಿದ್ಯಾರ್ಥಿಯಾದವನಿಗೆ 16.5 ಸಾಕೆಂದು ನನ್ನ ಅಭಿಪ್ರಾಯ.

ಒಡಲನ್ನು ಜೋಡಿಸುವುದು ಕಷ್ಟದ ಕೆಲಸವಲ್ಲ. ಭಾಗಗಳನ್ನು ಹಂದರದಿಂದ ಹರಿತವಾದ ಬ್ಲೇಡಿನಿಂದ ಕೊಯ್ದು ಬಿಡಿಸಿ, ಅಂಚುಗಳನ್ನು ಅರದಿಂದ ಉಜ್ಜಿ, ಮೂಲೆಗಳನ್ನು ಲಂಬಕ್ಕೆ ಹಿಡಿದು, ಕೀಲಿನ ಮೇಲೆ ಕುಂಚದ ತುದಿಯಿಂದ ದ್ರಾವಕವನ್ನು ಮುಟ್ಟಿಸಿದರೆ ಅದು ತಾನಾಗಿಯೇ ಸಂದಿಯೊಳಕ್ಕೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಇದರ ಆವಿ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ತೆರೆದ ಬಂಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಾಯಂಚು. ನಿಜವಾದ ಹಲಗೆಯ ದಪ್ಪ ಎರಡೂವರೆ ಮೂರು ಅಂಗುಲ, ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಮಿಲಿಮೀಟರಿನೊಳಗೆ. ಅಚ್ಚಿನಲ್ಲಿ ಎರಕ ಹೊಯ್ಯುವವರಿಗೆ ಅಷ್ಟು ತೆಳ್ಳಗಿನ ಗೋಡೆ ಬಾಗೀತೆಂಬ ಭಯ. ಅದಕ್ಕಾಗಿ ದಪ್ಪ ಮಾಡುತ್ತಾರೆ. ಒಳಮೈಯನ್ನು ಮೇಲಂಚಿನ ಬಳಿ ಓರೆಯಾಗಿ ಅರದಿಂದ ತೆಗೆದರೆ ಕಣ್ಣಿಗೆ ತೆಳುವಾಗಿ ಕಾಣುವುದು. ಐದು ನಿಮಿಷದ ಈ ಕೆಲಸದಿಂದ ಬಂಡಿಗೆ ಬರುವ ಕಳೆ ಐದು ಬಗೆಯ ಬಣ್ಣದಿಂದಲೂ ಬಾರದು.

ನಮ್ಮ ಎತ್ತಿನ ಬಂಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ. ರೈಲು ಬಂಡಿಯಲ್ಲಿ ಗಾಲಿಯೂ ಅಚ್ಚೂ ಒಂದಾಗಿ ತಿರುಗುತ್ತವೆ. ಮಾದರಿಯಲ್ಲಿಯೂ ಹಾಗೆಯೇ, ಅಚ್ಚಿನ ಎರಡು ತುದಿಗಳನ್ನು ಸೂಜಿಮೊನೆಯಂತೆ ಮಾಡಿ ಹಿತ್ತಾಳೆಯ ಸಣ್ಣ ಬಟ್ಟಲುಗಳಲ್ಲಿ ಕೂರಿಸುತ್ತಾರೆ. ಇಲ್ಲಿ ಮುಖ್ಯವಾದದ್ದು ನಾಲ್ಕು ಗಾಲಿಗಳೂ ಹಳಿಯನ್ನು ಮುಟ್ಟಿರಬೇಕೆಂಬುದು. ಜೋಡಿಸಿದ ಚೌಕಟ್ಟನ್ನು ಗಾಜಿನ ಹಲಗೆಯ ಮೇಲಿಟ್ಟು ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿರಿ. ಟಕಟಕನೆ ಸದ್ದಾದರೆ ಅಂಟು ಒಣಗುವ ಮೊದಲೇ ತಿದ್ದತಕ್ಕದ್ದು. ಮೂರು ಕಲ್ಲಿನ ಒಲೆ ಎಂತಹ ಏರುತಗ್ಗಿನ ನೆಲದ ಮೇಲೂ ಅಲುಗದೆ ನಿಲ್ಲುವುದನ್ನು ನಾವೆಲ್ಲರೂ ಬಲ್ಲೆವು. ಇದೇ ತತ್ತ್ವವನ್ನು ಅನುಸರಿಸಿ ಕೆಲವರು ಒಂದು ಅಚ್ಚನ್ನು ಗಟ್ಟಿಯಾಗಿ ನಿಲ್ಲಿಸಿ ಇನ್ನೊಂದು ಅಚ್ಚು ನಡುವಿನ ಒಂದು ಕೀಲಿನ ಮೇಲೆ ತೂಗಾಡುವಂತೆ ಮಾಡುವರು. ಆಗ ಬಂಡಿಯು ಮೂರು ಬಿಂದುಗಳ ಮೇಲೆ ನಿಂತಂತಾಗಿ ಒರಟು ಹಳಿಯಲ್ಲಿಯೂ ಗಾಲಿ ಮೇಲೇಳುವುದಿಲ್ಲ.

ತೂಕದ ವಿಷಯ ನನಗೆ ಬಹಳ ಪ್ರಿಯವಾದದ್ದು. ಕಲಾ ವಿಭಾಗದ ಮಿತ್ರರು ಲೆಕ್ಕವೆಂದು ಬೆದರಬೇಕಾಗಿಲ್ಲ. ಉದ್ದ 76 ಪಾಲು ಕಡಿಮೆಯಾದರೆ ತೂಕವು 76 ಪಾಲಲ್ಲ, ಉದ್ದ ಅಗಲ ಎತ್ತರ ಮೂರೂ ಕುಗ್ಗುವುದರಿಂದ, ಸುಮಾರು 4,42,000 ಪಾಲು ಕಡಿಮೆಯಾಗುತ್ತದೆ. ಬರಿಯ ಬಂಡಿಯ ತೂಕ ಏಳು ಟನ್ನೆಂದು ಹಿಡಿದರೆ ಮಾದರಿಯು ಕೇವಲ 16 ಗ್ರಾಮು ತೂಗಬೇಕು. ಹನ್ನೆರಡು ಟನ್ನು ಕಲ್ಲಿದ್ದಲು ತುಂಬಿದ ಮೇಲೂ 44 ಗ್ರಾಮು ಮೀರದು. ಆದರೆ 16 ಗ್ರಾಮಿನ ಬಂಡಿ ಹಳಿಯ ಮೇಲೆ ನಿಲ್ಲುವುದಿಲ್ಲ. ತಿರುವಿನಲ್ಲಿ, ಹಳಿ ಕವಲೊಡೆಯುವಲ್ಲಿ, ಹಿಂದಿನ ಬಂಡಿಗಳ ಎಳೆತಕ್ಕೆ ಸಿಕ್ಕಿ ಮಗುಚಿಕೊಳ್ಳುತ್ತದೆ. ತೂಕವು ಘನದ ಲೆಕ್ಕದಲ್ಲಿ ಕುಗ್ಗಿತು. ಹಳಿಯ ಕೀಲಿನ ಒರಟುತನವೂ ನಮ್ಮ ಕೈಕೆಲಸದ ಓರೆಕೋರೆಯೂ ಆ ಲೆಕ್ಕದಲ್ಲಿ ಕುಗ್ಗಲಿಲ್ಲವಷ್ಟೆ. ಅಚ್ಚೊಂದಕ್ಕೆ 25 ಗ್ರಾಮು, ಬಂಡಿಗೆ 50 ಗ್ರಾಮು ಎಂಬುದು ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಸೂತ್ರ. ಎಂದರೆ ಖಾಲಿಯಾಗಿ ಕಾಣುವ ಬಂಡಿಯೂ ತುಂಬಿದ ಬಂಡಿಗಿಂತ ಭಾರವಾಗಿ ಓಡುವುದು! ಈ ಭಾರವನ್ನು ನೆಲಹಲಗೆಯ ಕೆಳಗೆ ಚೌಕಟ್ಟಿನ ನಡುವೆ ಅಡಗಿಸಬೇಕು. ಸೈಕಲ್ ಅಂಗಡಿಯ ಹಳೆಯ ನಟ್ಟುಗಳು ಇದಕ್ಕೆ ಧಾರಾಳವಾಗಿ ಸಾಕು. ಸೀಸದ ಗುಂಡುಗಳನ್ನು ಬಿಳಿಯ ಮರದಂಟಿನಿಂದ ಕೂಡಿಸುವುದು ಮಾತ್ರ ಬೇಡ. ವರ್ಷಗಳು ಕಳೆದಂತೆ ಸೀಸವು ಬಿಳಿಯ ಬೂಷ್ಟಿನಂತೆ ಉಬ್ಬಿ ಒಡಲನ್ನು ಸೀಳುತ್ತದೆ.

ಇನ್ನು ಬ್ರೇಕಿನ ವಿಚಾರ. ಬಂಡಿಯ ಹೊಟ್ಟೆಯ ಕೆಳಗೆ, ಗಾಲಿಗಳ ನಡುವೆ ಅಡಗಿರುವ ಈ ಸಲಾಕೆಗಳನ್ನು ಯಾರು ನೋಡುತ್ತಾರೆಂದು ಬಿಟ್ಟುಬಿಡುವವರೂ, ಕಂಡಂತೆ ಅಂಟಿಸುವವರೂ ಇದ್ದಾರೆ. ಇಡೀ ಬಂಡಿಯಲ್ಲಿ ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ ಭಾಗವೆಂದರೆ ಇದೇ ಎಂಬುದನ್ನು ಅರಿತರೆ ಹಾಗೆ ಮಾಡಲು ಮನಸ್ಸು ಬಾರದು. ಈ ಕಲ್ಲಿದ್ದಲ ಬಂಡಿಗಳಿಗೆ ಎಂಜಿನ್ನಿನಿಂದ ಹಿಡಿಯುವ ಬ್ರೇಕು ಇರಲಿಲ್ಲ. ಮೂರು ಕೊಂಡಿಗಳ ಸರಪಳಿಯೊಂದರಿಂದ ಒಂದಕ್ಕೊಂದು ತಗುಲಿ ಓಡುತ್ತಿದ್ದವು. ಕಡಿದಾದ ಇಳಿಜಾರು ಬಂದರೆ ಗಾಡಿಯನ್ನು ಮೇಲುಗಡೆಯೇ ನಿಲ್ಲಿಸಿ, ಒಂದೊಂದು ಬಂಡಿಯ ಸನ್ನೆಯನ್ನೂ ಕೈಯಿಂದ ಒತ್ತಿ ಮೊಳೆ ಸಿಕ್ಕಿಸಿ ಮುಂದೆ ಬಿಡಬೇಕಾಗಿತ್ತು. ಅಂಗಳದಲ್ಲಿ ಬಿಡಿಬಂಡಿ ಉರುಳಿಬರುವಾಗ ಆಳು ಅದರ ಪಕ್ಕದಲ್ಲಿ ಓಡುತ್ತಾ ಕೋಲಿನಿಂದ ಸನ್ನೆಯನ್ನು ಅದುಮುತ್ತಿದ್ದ. ಹಿಂದಿನ ಬಂಡಿಗಳಲ್ಲಿ ಅನೇಕಕ್ಕೆ ಸನ್ನೆ ಇದ್ದುದು ಒಂದೇ ಪಕ್ಕದಲ್ಲಿ. ಆಳು ಇನ್ನೊಂದು ಪಕ್ಕದಲ್ಲಿದ್ದರೆ? ಬಂಡಿಗಳ ಸಂದಿಯಲ್ಲಿ ನುಸುಳಿಯೋ, ಕೆಳಗೆ ತೆವಳಿಯೋ ದಾಟಬೇಕು. 1911ರಲ್ಲಿ ಬೋರ್ಡ್ ಆಫ್ ಟ್ರೇಡ್ ವಿಧಿಸಿದ ನಿಯಮಗಳು ಬಂಡಿಯ ಎರಡು ಪಕ್ಕದಿಂದಲೂ ಬ್ರೇಕು ಹಾಕುವಂತಿರಬೇಕೆಂದೂ, ಎದುರು ನಿಂತವನ ಬಲಗಡೆಗೆ ಸನ್ನೆ ಸಿಕ್ಕಬೇಕೆಂದೂ ಕಟ್ಟುಮಾಡಿದವು. ಕತ್ತಲಲ್ಲಿಯೂ ಕೈ ತಾನಾಗಿ ಹೋಗಬೇಕಾದ ಜಾಗ ಅದು. ಮಾದರಿಯಲ್ಲಿ ಅದನ್ನು ಎಡಕ್ಕೆ ಅಂಟಿಸಿದರೆ, ಕಾಣದ ಒಬ್ಬ ಕೂಲಿಯ ಕೈಯನ್ನು ನಾವು ತಪ್ಪು ದಾರಿಗೆ ಎಳೆದಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ. 1923ರ ಮರದ ಬಂಡಿಯಲ್ಲಿ ಎರಡು ಪಕ್ಕಗಳಿಗೂ ಬೇರೆ ಬೇರೆ ಬ್ರೇಕು; ಪಕ್ಕಕ್ಕೆರಡರಂತೆ ನಾಲ್ಕು ಕಟ್ಟೆಗಳು. ಆದರೆ ಮಾರ್ಟನ್ ಎಂಬ ಇನ್ನೊಂದು ಬಗೆಯಲ್ಲಿ ಕಟ್ಟೆಗಳು ಒಂದೇ ಪಕ್ಕದಲ್ಲಿದ್ದು, ಅಡ್ಡ ಸಲಾಕೆಯೊಂದು ಇನ್ನೊಂದು ಪಕ್ಕದ ಸನ್ನೆಗೂ ಹೋಗುತ್ತದೆ. ಎರಡು ಸನ್ನೆಗಳೂ ತಮ್ಮ ತಮ್ಮ ಪಕ್ಕದಲ್ಲಿ ಬಲಗಡೆಗೇ ಇರುವುದರಿಂದ, ಒಂದನ್ನು ಒತ್ತಿದಾಗ ಸಲಾಕೆಯು ಯಾವ ಕಡೆಗೆ ತಿರುಗುವುದೋ ಇನ್ನೊಂದನ್ನು ಒತ್ತಿದಾಗ ಅದಕ್ಕೆ ವಿರುದ್ಧವಾಗಿ ತಿರುಗಬೇಕಾಗುತ್ತದೆ. ಹಾಗಾದರೆ ಬ್ರೇಕು ಹಿಡಿಯುವ ಬದಲು ಸಡಿಲವಾದೀತು! ಆದ್ದರಿಂದ ಕಟ್ಟೆಗಳಿಲ್ಲದ ಪಕ್ಕದಲ್ಲಿ ತಿರುವನ್ನು ಮರಳಿಸುವ ಹಲ್ಲಿನ ತೊಡಕೊಂದನ್ನು ಇಟ್ಟಿರುತ್ತಾರೆ. ಮಾದರಿಯಲ್ಲಿ ಅದು ಎಳ್ಳಿನ ಗಾತ್ರದ ಗುಬುಟು. ಚೂರು ಪ್ಲಾಸ್ಟಿಕ್ಕಿನಿಂದ ಅದನ್ನು ಕೊರೆದು ಚಿಮುಟದಿಂದ ಹಿಡಿದು ಕೂರಿಸಿದಾಗ ನನಗೆ ಆಗುವ ಸಂತೋಷ ಬಣ್ಣ ಬಳಿದು ಮುಗಿಸಿದಾಗಲೂ ಆಗುವುದಿಲ್ಲ.

ಬಣ್ಣದ ಮಾತಿಗೆ ಬಂದರೆ ನನಗೆ ಸ್ವಲ್ಪ ಜಗಳಗಂಟತನವಿದೆ. ಈ ಬಂಡಿಗಳಲ್ಲಿ ಬಹುಪಾಲು ರೈಲ್ವೆಯವಲ್ಲ, ಗಣಿಯವರವೂ ಇದ್ದಿಲ ವ್ಯಾಪಾರಿಗಳವೂ ಆಗಿದ್ದವು. ಪಕ್ಕದ ಹಲಗೆಗಳ ಮೇಲೆ ಮಾಲೀಕನ ಹೆಸರು ದೊಡ್ಡ ಅಕ್ಷರಗಳಲ್ಲಿ ನೆರಳುಸಹಿತ ಬರೆದಿರುತ್ತಿತ್ತು. ಹೆಚ್ಚು ಕಡಿಮೆ ನಮ್ಮ ಲಾರಿಗಳ ಹಣೆಬರಹದಂತೆ. 1939ರಲ್ಲಿ ಯುದ್ಧ ಬಂದಾಗ ಸರ್ಕಾರ ಇವನ್ನೆಲ್ಲ ಒಟ್ಟುಗೂಡಿಸಿಕೊಂಡಿತು. 1948ರಲ್ಲಿ ರಾಷ್ಟ್ರೀಕರಣವಾದಾಗ ಐದು ಲಕ್ಷಕ್ಕೂ ಮಿಕ್ಕ ಬಂಡಿಗಳು ರೈಲ್ವೆಗೆ ಸೇರಿದವು. ಆ ಮೇಲೆ ಹೊಸ ಬಣ್ಣ ಕಂಡದ್ದು ಅಪರೂಪ. ಹೆಸರು ಮಾಸಿತು, ಮುರಿದ ಹಲಗೆಯ ಜಾಗಕ್ಕೆ ಬಣ್ಣವಿಲ್ಲದ ಹಲಗೆ ಬಂತು, ಮೂಲೆಯಲ್ಲಿ ಕಪ್ಪು ತೇಪೆ ಬಳಿದು ಬಿಳಿಯ ಅಂಕೆ ಬರೆದರು. ಕೊನೆಗೆ ಉಕ್ಕಿನ ಬಂಡಿಗಳು ಬಂದು ಇವು ಸೌದೆಯಾದವು. ಉಳಿದವು ಬೆರಳೆಣಿಕೆಯಷ್ಟು. ಹೀಗಿರುವಾಗ, ಅಂದವಾಗಿ ಕಾಣುತ್ತದೆಂದು ಯಾವುದೋ ಗಣಿಯ ಹೆಸರನ್ನು ಅದಕ್ಕೆ ಸಲ್ಲದ ಒಡಲಿನ ಮೇಲೆ ಅಚ್ಚೊತ್ತಿ ಮಾರುವ ತಯಾರಕರ ಮೇಲೆ ನನಗೆ ಸಿಟ್ಟು. ಅಸಲು ಕಣ್ಣೆದುರಿಗಿದ್ದರೆ ನಕಲಿನ ಸುಳ್ಳು ತಾನೇ ಬಯಲಾಗುತ್ತದೆ. ಅಸಲೇ ಹೋದ ಮೇಲೆ ಮಾದರಿಯನ್ನು ನೋಡಿಯೇ ಜನ ನಂಬುತ್ತಾರೆ. ಹಳೆಯ ಛಾಯಾಚಿತ್ರವೊಂದು ಸಿಕ್ಕುವ ತನಕ ಹೆಸರಿಲ್ಲದ ಮಾಸಲು ಬಂಡಿಯನ್ನೇ ಮಾಡುವುದು ನನ್ನ ಪದ್ಧತಿ.

ಮಾಸಲು ಎಂದೊಡನೆ ಕಂದು ಬಣ್ಣ ಹಚ್ಚಬಾರದು. ಬಿಸಿಲು ಮಳೆಗೆ ಬಿದ್ದ ಬೋಳುಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಂಶಯವಿದ್ದವರು ಹಳ್ಳಿಯ ಯಾವುದಾದರೂ ಹಳೆಯ ದಣಪೆಯನ್ನು ನೋಡಬಹುದು. ಪಕ್ಕದಲ್ಲಿ ಓರೆಯಾಗಿ ಏರುವ ಬಿಳಿಯ ಗೆರೆಯೊಂದಿದೆ, ಅದು ಸೊಗಸಿಗಲ್ಲ. ಗೆರೆಯ ಮೇಲ್ತುದಿ ಯಾವ ಕಡೆಗೋ ಬಂಡಿಯ ಕೊನೆಯ ಬಾಗಿಲು ಆ ಕಡೆಗೆ. ಬಂದರಿನಲ್ಲಿ ಬಂಡಿಯನ್ನೇ ಎತ್ತಿ ಹಡಗಿಗೆ ಸುರಿಯುವವರಿಗೆ ಅದು ಗುರುತು. ಒಳಗೆ ತುಂಬಲು ನಮ್ಮ ಒಲೆಯ ಇದ್ದಿಲು ಬೇಡ, ಅದಕ್ಕೆ ಹೊಳಪಿಲ್ಲ. ಕಮ್ಮಾರನ ಕುಲುಮೆಯಲ್ಲಿ ಬೇಡಿ ತಂದ ಹಿಡಿ ಕಲ್ಲಿದ್ದಲನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ, ಜರಡಿ ಹಿಡಿದು, ನೀರು ಬೆರೆಸಿದ ಅಂಟಿನಿಂದ ಕೂರಿಸಬೇಕು.

ನಮ್ಮ ನಾಡಿನ ಬಂಡಿಯನ್ನೇ ಮಾಡಬೇಕೆನ್ನುವವರಿಗೆ ಎರಡು ಮಾತು. ನಮ್ಮ ಅಗಲ ಹಳಿ 5 ಅಡಿ 6 ಅಂಗುಲ. 4 ಮಿಲಿಮೀಟರ್ ಪ್ರಮಾಣದಲ್ಲಿ ಅದು ಸರಿಯಾಗಿ 22 ಮಿಲಿಮೀಟರು. ಅಂಥ ಹಳಿ ಅಂಗಡಿಯಲ್ಲಿಲ್ಲ, ಮಾಡಿಕೊಳ್ಳಬೇಕು. ಮೀಟರ್ ಗೇಜು ಸುಲಭ. 3.5 ಮಿಲಿಮೀಟರ್ ಪ್ರಮಾಣದಲ್ಲಿ ಅದು 11.5 ಆಗುತ್ತದೆ, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾದರಿಗಳಿಗೆಂದು ಮಾರುವ 12 ಮಿಲಿಮೀಟರಿನ ಹಳಿ ಅದಕ್ಕೆ ಒಪ್ಪುತ್ತದೆ. ಬೆಂಗಳೂರು-ಮೈಸೂರು ಮಾರ್ಗ 1990ರ ದಶಕದಲ್ಲಿ ಅಗಲ ಹಳಿಗೆ ಬದಲಾಗುವ ತನಕ ಮೀಟರ್ ಗೇಜಿನದೇ ಆಗಿತ್ತು. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಅಳತೆಪಟ್ಟಿಯನ್ನೂ ದಪ್ಪ ನೋಟುಪುಸ್ತಕವನ್ನೂ ಹಿಡಿದು ಹೋಗಿರಿ. ಅಂಚಿನಲ್ಲಿ ಜೋಡಿ ಬಫರುಗಳನ್ನು ಹುಡುಕಬೇಡಿ. ಮೀಟರ್ ಗೇಜಿನ ಬಂಡಿಗೆ ನಡುವೆ ಒಂದೇ ಬಫರು, ಕೊಕ್ಕೆಯೂ ಅದರಲ್ಲಿಯೇ. ದೂರದಿಂದ ಚಿತ್ರ ತೆಗೆಯುವವರು ಬಹಳ ಮಂದಿ. ಬಗ್ಗಿ ಕುಳಿತು ಚೌಕಟ್ಟಿನ ಕೆಳಗಿನ ಸಲಾಕೆಗಳನ್ನು ಬರೆದುಕೊಂಡು ಬಂದವರು ಯಾರಾದರೂ ಇದ್ದರೆ ನನಗೆ ತಿಳಿಸಬೇಕು. ಹಾಳೆ ಕತ್ತರಿಸುವ ಕೆಲಸ ನನ್ನದು.