ಲೇತಿನ ಪಕ್ಕ ನಿಂತು ಹೇಳುವ ಮಾತು

ಐಟಿಐ ಹುಡುಗರಿಗೆ ಟರ್ನರ್ ಕೆಲಸ ಕಲಿಸುವವನು ನಾನು. ದಾವಣಗೆರೆ, ಹರಿಹರದ ಸುತ್ತಮುತ್ತಲಿನ ಮಕ್ಕಳು; ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರು, ಎಷ್ಟೋ ಜನರಿಗೆ ಇನ್ನೂ ಹದಿನೆಂಟು ತುಂಬಿರುವುದಿಲ್ಲ. ಗಾಂಜಾ, ಗುಟ್ಕಾ ಕುರಿತು ಅವರ ಜೊತೆ ಮಾತಾಡುತ್ತ ನಾನೇ ಕಲಿತದ್ದು ಇಷ್ಟು.

1. ಮಾದಕವಸ್ತು ವಿರೋಧಿ ದಿನವೆಂದು ಜೂನ್ 26ರಂದು ಮಾಡುವ ಭಾಷಣವನ್ನು ನೆಚ್ಚಿ ಕೂರಬಾರದು. ಅವತ್ತು ಜಾಥಾ, ಪ್ರತಿಜ್ಞೆ, ಬ್ಯಾನರ್ ಹಿಡಿದು ಫೋಟೊ. ತಲೆಬುರುಡೆಯ ಚಿತ್ರ ತೋರಿಸಿದರೆ ಹಿಂದಿನ ಬೆಂಚಿನವರು ನಗುತ್ತಾರೆ. ಬರೀ ಹೆದರಿಸಿದರೆ, ಚಟ ಬಿಟ್ಟವರನ್ನು ಕರೆಸಿ ಕಥೆ ಹೇಳಿಸಿದರೆ ಪ್ರಯೋಜನವಿಲ್ಲವೆಂದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಮಾನದಂಡಗಳೂ ಹೇಳುತ್ತವೆ. ಭಾಷಣ ಬಿಟ್ಟು ಮನೆ ಬಾಗಿಲಿಗೆ ಹೋದವರೂ ಇದ್ದಾರೆ: ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಅವತ್ತೂ ನಾವು ಮೈಕ್ ಹಾಕಿಸುತ್ತೇವೆ!

2. ಮಾತು ಮಷೀನಿನ ಹತ್ತಿರ ಆಗಬೇಕು. ನಮ್ಮಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಹಳೇ ಲೇತ್ ಇದೆ. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಲೇತ್ ಮಾತ್ರ ಇನ್ನೂ ಗಟ್ಟಿ. ಅದನ್ನು ಆಫ್ ಮಾಡಿಸಿ, ಚಕ್ಕಿಗೆ ಕೀ ಸಿಕ್ಕಿಸಿ, ಹುಡುಗರನ್ನು ಸುತ್ತ ನಿಲ್ಲಿಸಿಕೊಳ್ಳುತ್ತೇನೆ. "ಸ್ಪಿಂಡಲ್ ನಿಮಿಷಕ್ಕೆ 600 ಸುತ್ತು. ಸೆಕೆಂಡಿಗೆ ಎಷ್ಟಾಯ್ತೋ?" "ಹತ್ತು, ಸಾರ್." "ಕೈ ತೆಗೆಯೋದು ಅರ್ಧ ಸೆಕೆಂಡ್ ತಡ ಆದ್ರೆ?" "ಐದು." ಆಮೇಲೆ ಕೀ ತೆಗೆಯದೆ ಸ್ವಿಚ್ ಒತ್ತಿದರೆ ಅದು ಯಾರ ಎದೆಗೆ ಬಂದು ಬಡಿಯುತ್ತದೆ ಎಂದು ನಿಂತ ಜಾಗದಲ್ಲೇ ಲೆಕ್ಕ ಹಾಕಿಸುತ್ತೇನೆ. ರಾತ್ರಿ ನಿದ್ದೆಗೆಟ್ಟವನು, ಕುಡಿದವನು, ಸೇದಿ ಬಂದವನು ಎಲ್ಲರಿಗೂ ಅದೇ ಲೆಕ್ಕ. ಗಾಂಜಾ ಎಂಬ ಪದ ನನ್ನ ಬಾಯಿಂದ ಬರುವ ಮೊದಲೇ ಅವರಲ್ಲೊಬ್ಬ ಅದರ ಬಗ್ಗೆ ಕೇಳಿರುತ್ತಾನೆ.

3. ಸಣ್ಣ ಚಟಗಳನ್ನು ಬಿಟ್ಟು ದೊಡ್ಡದರ ಬಗ್ಗೆ ಮಾತಾಡಿದರೆ ಹುಡುಗರು ನಂಬುವುದಿಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆ, ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಒಮ್ಮೆ ಟೇಪ್ ಹಿಡಿದು ಅಳತೆ ಮಾಡಿಸಿ, ಟರ್ನರ್ ಹುಡುಗರಿಗೆ ಅಳೆಯುವುದೆಂದರೆ ಹುರುಪು. ಪಂಕ್ಚರ್ ಸೊಲ್ಯೂಷನ್, ಥಿನ್ನರ್ ಮೂಸುವ ಚಟವೂ ಇದೆ. ಆ ಥಿನ್ನರ್ ನಮ್ಮ ಸ್ಟೋರಿನಲ್ಲೇ ಇರುತ್ತದೆ. ಬೀಗ ಹಾಕಿ, ರಿಜಿಸ್ಟರಿನಲ್ಲಿ ಬರೆದು ಕೊಡಿ.

4. "ಬೇಡ" ಅನ್ನುವುದನ್ನು ಆಡಿಸಿ ಕಲಿಸಬೇಕು. ಒಬ್ಬ ಸೀನಿಯರ್ ಆಗುತ್ತಾನೆ: "ಏನಾಗಲ್ಲ ಬಾರಲೇ, ಒಂದ್ ದಮ್ ಎಳಿ." ನಾನು ಬರೆದುಕೊಟ್ಟ ಉತ್ತರಗಳು ಪಠ್ಯಪುಸ್ತಕದಂತಿದ್ದವು, ಒಬ್ಬನೂ ಮುಟ್ಟಲಿಲ್ಲ. ಅವರದೇ ನೋಡಿ: "ಅಣ್ಣಾ, ನಮ್ಮವ್ವ ಬಾಯಿ ಮೂಸಿ ನೋಡಿ ಒಳಗೆ ಬಿಡ್ತಾಳೆ." ಎಲ್ಲರೂ ಬಿದ್ದುಬಿದ್ದು ನಕ್ಕರು. ನಗಿಸಿ ಜಾರಿಕೊಳ್ಳುವವನನ್ನು ಯಾರೂ ಪೀಡಿಸುವುದಿಲ್ಲ.

5. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಕೈಗೆ ಬಂದ ಮೊದಲ ತಿಂಗಳು ಹುಡುಗನಿಗೆ ಒಂದು ಫೋನ್ ಮಾಡಿ. ಪಾರ್ಟಿ ಕೇಳುವವರು ಆಗಲೇ ಹುಟ್ಟಿಕೊಳ್ಳುವುದು.

6. ಸಿಕ್ಕಿಬಿದ್ದವನ ಕೈಗೆ ಟಿಸಿ ಕೊಡಬೇಡಿ. ಮಾರುವವರ ಮಾತು ಬೇರೆ: ಮಕ್ಕಳಿಗೆ ಮಾದಕವಸ್ತು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ. ಆದರೆ ಚಟಕ್ಕೆ ಬಿದ್ದು, ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕವನು ತಾನಾಗಿ ಚಿಕಿತ್ಸೆಗೆ ಹೋಗಿ ಪೂರ್ತಿ ಮಾಡಿಸಿಕೊಂಡರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಇದನ್ನು ಅಪ್ಪ-ಅಮ್ಮನಿಗೆ ಬಿಡಿಸಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಹತ್ತಿರ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಫೋನಿನಲ್ಲೇ ಮಾತಾಡುವುದಾದರೆ ಟೆಲಿ ಮಾನಸ್ 14416, ವ್ಯಸನ ಬಿಡಿಸುವ ಸಹಾಯವಾಣಿ 14446. ಹುಡುಗನ ಚಿಂತೆಯೇ ಬೇರೆ: ಶೇ 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಆಸ್ಪತ್ರೆಗೆ ಅಲೆದರೆ ಅದೂ ಹೋಗುತ್ತದೆ ಅಂತ. ಆದ್ದರಿಂದ ಮೊದಲು ರಿಜಿಸ್ಟರ್ ತೆರೆದು, ಇನ್ನೆಷ್ಟು ದಿನ ರಜೆಗೆ ಅವಕಾಶವಿದೆ ಎಂದು ಅವನೆದುರೇ ಎಣಿಸುತ್ತೇನೆ. ತಪ್ಪಿದ ಪ್ರಾಕ್ಟಿಕಲ್ಲನ್ನು ಸಂಜೆ ನಿಲ್ಲಿಸಿಕೊಂಡು ಮಾಡಿಸುತ್ತೇನೆ.