ಸೊಪ್ಪು ತಿಂದು ಗುಡ್ಡ ಹತ್ತಲಾಗದು

ಮಲೆನಾಡಿನವರಿಗೆ ಉಪವಾಸವೆಲ್ಲಿ, ಹಿತ್ತಲಿಗಿಳಿದರೆ ಊಟ ಎಂದು ಪೇಟೆಯ ನೆಂಟರು ಈಗಲೂ ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿ, ಚಾರ್ಮಾಡಿ ಘಾಟಿ ಮುಚ್ಚಿ, ನಮ್ಮ ಹಳ್ಳದ ಕಾಲುಸಂಕ ಕೊಚ್ಚಿಹೋದಾಗ ಅವರು ಬಂದು ನೋಡಬೇಕಿತ್ತು. ಅಕ್ಕಿ ಇಟ್ಟಿದ್ದ ಕೋಣೆಯ ಗೋಡೆ ಕುಸಿದು ಮೂಟೆಗಳು ಕೆಸರಾಗಿದ್ದವು. ಹಸು ಗಬ್ಬವಾಗಿ ಹಾಲು ಬತ್ತಿತ್ತು.

ಸೊಪ್ಪಿಗೇನೂ ಬರವಿರಲಿಲ್ಲ. ಕೆಸ, ಒಂದೆಲಗ ಎಷ್ಟು ಬೇಕಾದರೂ ಇತ್ತು. ಆದರೆ ನೂರು ಗ್ರಾಂ ಕೆಸವಿನೆಲೆಯಲ್ಲಿ ಸಿಗುವುದು ಸುಮಾರು ನಲವತ್ತು ಕ್ಯಾಲರಿಯಷ್ಟೇ. ದುಡಿಯುವವರಿಗೆ ದಿನಕ್ಕೆ 2000ಕ್ಕೂ ಮೇಲೆ ಬೇಕು. ಐದು ಕಿಲೋ ಸೊಪ್ಪು ಮೇಯಲು ನಾವೇನು ಕೊಟ್ಟಿಗೆಯಲ್ಲಿದ್ದೆವೇ? ಹೊಟ್ಟೆ ಬಿರಿಯುವಷ್ಟು ತಿಂದೂ ನೀರಿನ ಕೊಡ ಹೊತ್ತು ಏರು ಹತ್ತುವಾಗ ತೊಡೆ ನಡುಗುತ್ತಿತ್ತು. ನಮ್ಮನ್ನು ನಿಲ್ಲಿಸಿದ್ದು ಅತ್ತೆ ಬೇಸಿಗೆಯಲ್ಲೇ ಕೆಮ್ಮಣ್ಣು ಸವರಿ ಅಟ್ಟದಲ್ಲಿಟ್ಟಿದ್ದ ಹಲಸಿನ ಬೀಜ, ಮತ್ತು ತೆಂಗಿನಕಾಯಿ. ಕಾಯಿಯಲ್ಲಿ ಜಿಡ್ಡಿದೆ, ನೂರು ಗ್ರಾಂಗೆ ಸುಮಾರು 350 ಕ್ಯಾಲರಿ. ಗದ್ದೆ ಏಡಿಯೂ ಸಿಕ್ಕಿತು, ಆದರೆ ಏಡಿ ಹಿಡಿಯಲು ಸುಟ್ಟ ಶಕ್ತಿ ಏಡಿಯಿಂದ ವಾಪಸು ಬಂತೋ ಇಲ್ಲವೋ ದೇವರೇ ಬಲ್ಲ.

ಆ ಬೀಜ ಕಂಡು ನಕ್ಕಿದ್ದವರು ನಮ್ಮ ಭಾವ. ಅವರೇ ಒಂದು ಸಂಜೆ ಕಳಲೆ ಮುರಿದು ತಂದರು. ಹೆಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು ಬೇಯಿಸಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ. ಇದನ್ನು ಹೇಳಲು ನಾನು ಬಾಯಿಬಿಟ್ಟೆ. "ಹಸಿದವರಿಗೆ ಶಾಸ್ತ್ರ ಹೇಳಬೇಡಮ್ಮ" ಎಂದು ಭಾವ ತಾವೇ ಒಲೆ ಮುಂದೆ ಕೂತರು. ಒಂದು ಕುದಿ ಬಂದಿತ್ತೋ ಇಲ್ಲವೋ, ಬಸಿಯದೆ ನೀರಿನ ಸಮೇತ ತಿಂದರು. ಅತ್ತೆ ಮಕ್ಕಳ ತಟ್ಟೆ ಎಳೆದುಕೊಂಡದ್ದಷ್ಟೇ ಪುಣ್ಯ.

ರಾತ್ರಿ ಭಾವನಿಗೆ ವಾಂತಿ ಶುರುವಾಯಿತು. ತಲೆ ಸುತ್ತಿ ಗೋಡೆ ಹಿಡಿದರೆ ಆ ಗೋಡೆಯೇ ನೆಂದು ಮೆತ್ತಗಾಗಿತ್ತು. ಹೊರಗೆ ಮರ ಉರುಳುವ ಸದ್ದು. ಚಿಮಣಿಗೆ ಎಣ್ಣೆಯಿಲ್ಲ. ಆಸ್ಪತ್ರೆಗೆ ಹೊರಡಲು ದಾರಿಯೇ ಇಲ್ಲ. ಮಾತಾಡಿಸಿದರೆ ಭಾವ ಉತ್ತರ ಕೊಡುವುದು ತಡವಾಗುತ್ತಿತ್ತು. ಅದಕ್ಕೇ ನನಗೆ ಕೈಕಾಲು ತಣ್ಣಗಾದದ್ದು. ಮಳೆಗಾಲದಲ್ಲಿ ನೀರಾಗಿದ್ದ ಉಪ್ಪನ್ನು ಮರಿಗೆಯ ತಳದಿಂದ ಬಳಿದೆ, ಕುದಿಸಿ ಆರಿಸಿದ ನೀರಿಗೆ ಅದನ್ನೂ ಬೆಲ್ಲವನ್ನೂ ಕದಡಿ ಬೆಳಗಾಗುವವರೆಗೆ ಗುಟುಕು ಗುಟುಕಾಗಿ ಕುಡಿಸಿದೆ. ಬದುಕಿದರು. ಈಗ "ಕಳಲೆ ಎಳೆಯದಾಗಿರಲಿಲ್ಲ" ಎನ್ನುತ್ತಾರೆ.

ಇಂಥ ಕಾಲಕ್ಕೆ ಬೀಜ, ಕಾಯಿ, ಗೆಡ್ಡೆ ಹುಡುಕಿ. ಸೊಪ್ಪು ಅದರ ಜೊತೆಗಷ್ಟೇ. ಕೆಸಕ್ಕೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಗುರುತಿಲ್ಲದ ಅಣಬೆ ಮುಟ್ಟಬೇಡಿ, ಬೇಯಿಸಿದರೂ ವಿಷ ಹೋಗದ ಜಾತಿಗಳಿವೆ. ಉಪ್ಪು ಮುಚ್ಚಳದ ಡಬ್ಬಿಯಲ್ಲಿರಲಿ.

ನೆಟ್‌ವರ್ಕ್ ಬಂದ ದಿನ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. "ನಿಮಗೆ ಪರಿಹಾರದ ಕಿಟ್ ತಲುಪಿದೆಯಲ್ಲಮ್ಮ, ಸಹಿಯೂ ಇದೆ" ಎಂದರು. ಸಂಕವೇ ಇಲ್ಲದ ಹಳ್ಳ ದಾಟಿ ಬಂದು ಸಹಿ ಹಾಕಿದವರು ಯಾರು ಎಂದು ಬರೆದು ಕೇಳಿದ ಅರ್ಜಿಗೆ ಇನ್ನೂ ಉತ್ತರವಿಲ್ಲ.